ಹಳೆಯ ಪಿಕಪ್‌ನ ಒಡೆದ ಪ್ಲಾಸ್ಟಿಕ್: ಬದಲಿಸುವುದೋ, ದುರಸ್ತಿಯೋ?

ಕೃಷಿ ಮಾರುಕಟ್ಟೆಯ ಅಂಗಳದಲ್ಲಾಗಲಿ, ಕೈಗಾರಿಕಾ ವಸಾಹತಿನ ಗೇಟಿನ ಮುಂದಾಗಲಿ ಸಾಲಾಗಿ ನಿಂತಿರುವ ಪಿಕಪ್ ವಾಹನಗಳ ಕ್ಯಾಬಿನ್ನಿನೊಳಗೆ ಒಮ್ಮೆ ಇಣುಕಿದರೆ ಹೆಚ್ಚುಕಡಿಮೆ ಒಂದೇ ನೋಟ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಅಡ್ಡಲಾಗಿ ಬಿರುಕು ಬಿಟ್ಟಿರುತ್ತದೆ. ಬಾಗಿಲಿನ ಒಳಪ್ಯಾನೆಲ್ ಒಂದು ಮೂಲೆಯಲ್ಲಿ ಕಳಚಿ ತೂಗಾಡುತ್ತಿರುತ್ತದೆ. ಅದನ್ನು ತಂತಿ ಕಟ್ಟಿಯೋ, ಸಿಕ್ಕ ಕಡೆ ಸ್ಕ್ರೂ ಹೊಡೆದೋ ನಿಲ್ಲಿಸಲಾಗಿರುತ್ತದೆ. ಸ್ಟಿಯರಿಂಗ್ ಕೆಳಗಿನ ಕವಚದ ಎರಡು ಹೋಳುಗಳ ನಡುವೆ ಬೆರಳು ತೂರುವಷ್ಟು ಸಂದು. ವಾಹನ ಮಾತ್ರ ಓಡುತ್ತಿರುತ್ತದೆ, ದುಡಿಯುತ್ತಲೂ ಇರುತ್ತದೆ.

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರದ ವರ್ಷಗಳಲ್ಲಿ ಸ್ವಂತಕ್ಕೊಂದು ಸರಕು ವಾಹನ ಇಟ್ಟುಕೊಳ್ಳುವುದು ಸಣ್ಣ ವರ್ತಕರಿಗೂ, ಒಂದೆರಡು ಯಂತ್ರಗಳ ಕಾರ್ಖಾನೆದಾರರಿಗೂ ಸಾಧ್ಯವಾಯಿತು. ಹಾಗೆ ಕೊಂಡ ಮಿನಿ ಟ್ರಕ್ಕುಗಳು, ಪಿಕಪ್‌ಗಳು ಎಷ್ಟೋ ಈಗ ಎಂಟು ಹತ್ತು ವರ್ಷ ದಾಟಿವೆ. ಎಂಜಿನ್ ಕೆಟ್ಟರೆ ಮಾಲೀಕ ತಕ್ಷಣ ಗ್ಯಾರೇಜಿಗೆ ಒಯ್ಯುತ್ತಾನೆ. ಬ್ರೇಕ್ ಸಡಿಲವಾದರೆ ಚಾಲಕನೇ ಎಚ್ಚರಿಸುತ್ತಾನೆ. ಒಳಗಿನ ಪ್ಲಾಸ್ಟಿಕ್ ಒಡೆದರೆ ಮಾತ್ರ ಯಾರೂ ಕೇಳುವುದಿಲ್ಲ. ಐದಾರು ವರ್ಷ ಕೇಳದೆ ಬಿಟ್ಟ ಮೇಲೆ ಒಂದು ದಿನ ವಾಹನವನ್ನು ನೋಡಿದವರೆಲ್ಲ ಹೇಳುವ ಮಾತು ಒಂದೇ: 'ಇದರ ಕಾಲ ಮುಗಿಯಿತು, ಕೊಟ್ಟುಬಿಡಿ.' ಲೆಕ್ಕದ ಪುಸ್ತಕ ತೆರೆದು ನೋಡಬೇಕಾದ ಹೊತ್ತು ಅದು.

ತೀರ್ಮಾನದ ಹಿಂದಿನ ಲೆಕ್ಕ

ಒಬ್ಬ ಧಾನ್ಯ ವರ್ತಕ ಒಂಬತ್ತು ವರ್ಷಗಳ ಹಿಂದೆ 6,00,000 ರೂಪಾಯಿ ಕೊಟ್ಟು ಪಿಕಪ್ ಕೊಂಡಿದ್ದಾನೆ ಎಂದಿಟ್ಟುಕೊಳ್ಳೋಣ. ಸ್ವಂತ ವ್ಯಾಪಾರದ ಸರಕು ಸಾಗಣೆಗೆ ಬಳಸುವ ಇಂಥ ವಾಹನಕ್ಕೆ ಆದಾಯ ತೆರಿಗೆಯಲ್ಲಿ ಶೇಕಡ 15ರ ಸವಕಳಿ. ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಪೂರ್ಣ ಸವಕಳಿ ಕಳೆಯುತ್ತ ಬಂದರೆ ಒಂಬತ್ತನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಸುಮಾರು 1,39,000 ರೂಪಾಯಿ. ಎಂಜಿನ್ ಸರಿಯಿದೆ, ಗೇರ್‌ಬಾಕ್ಸ್ ಸರಿಯಿದೆ, ಅರ್ಹತಾ ಪತ್ರವೂ ಇದೆ. ಕ್ಯಾಬಿನ್ ಮಾತ್ರ ಹಾಳಾಗಿದೆ. ಚಾಲಕ ಗೊಣಗುತ್ತಿದ್ದಾನೆ. ಕೊಳ್ಳಲು ಬಂದ ದಲ್ಲಾಳಿ ಬಾಗಿಲು ತೆರೆದು ನೋಡಿ, ಎಂಜಿನ್ ಚಾಲೂ ಮಾಡುವ ಮೊದಲೇ ಬೆಲೆ ಇಳಿಸಿದ್ದಾನೆ.

ಅದೇ ವರ್ತಕ ಬೇಸತ್ತು ಹೊಸ ವಾಹನಕ್ಕೆ 8 ಲಕ್ಷ ರೂಪಾಯಿ ಸಾಲ ಎತ್ತಿದನೆನ್ನೋಣ. ಶೇಕಡ 10ರ ಬಡ್ಡಿ, ಐದು ವರ್ಷದ ಅವಧಿ ಎಂದಾದರೆ ತಿಂಗಳ ಕಂತು ಸುಮಾರು 17,000 ರೂಪಾಯಿ. ಮೊದಲ ವರ್ಷದ ಬಡ್ಡಿಯೇ ಸುಮಾರು 74,000. ಹೊಸ ವಾಹನ ಬೇಡವೆಂಬುದು ಇಲ್ಲಿನ ವಾದವಲ್ಲ. ವ್ಯಾಪಾರ ಬೆಳೆದು ಹೆಚ್ಚು ಭಾರ ಹೊರಬೇಕಾಗಿದ್ದರೆ, ಹಳೆಯದರ ಡೀಸೆಲ್ ಖರ್ಚು ಮಿತಿಮೀರಿದ್ದರೆ ಕೊಳ್ಳಲೇಬೇಕು. ಆದರೆ ಬಿರುಕು ಬಿಟ್ಟ ಪ್ಲಾಸ್ಟಿಕ್ಕನ್ನು ನೋಡಿ ನೋಡಿ ಬೇಸರವಾಯಿತೆಂಬ ಕಾರಣಕ್ಕೆ ವರ್ಷಕ್ಕೆ 74,000 ಬಡ್ಡಿ ತೆರುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಒಳಗಿನ ಪ್ಲಾಸ್ಟಿಕ್ ದುರಸ್ತಿ ಆಗುವ ವಸ್ತು. ಆಗುವುದಿಲ್ಲವೆಂಬ ಭಾವನೆ ಹುಟ್ಟಿರುವುದು ಬಹುಮಟ್ಟಿಗೆ ತಪ್ಪು ಅಂಟಿನಿಂದ.

ಪ್ಲಾಸ್ಟಿಕ್ ಏಕೆ ಒಡೆಯುತ್ತದೆ

ಬೇಸಿಗೆಯ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡ್ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ರಾತ್ರಿ ತಣಿಯುತ್ತದೆ, ಮರುದಿನ ಮತ್ತೆ ಕಾಯುತ್ತದೆ. ಈ ಹಿಗ್ಗು ಕುಗ್ಗುವಿಕೆಗೆ ಬಿಸಿಲಿನ ಅತಿನೇರಳೆ ಕಿರಣವೂ ಸೇರಿ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಆದರೂ ಬಿರುಕು ಹುಟ್ಟುವುದು ಬಿಸಿಲು ಬೀಳುವ ಬಯಲಿನಲ್ಲಿ ಮಾತ್ರವಲ್ಲ. ಸಾಮಾನ್ಯವಾಗಿ ಸ್ಕ್ರೂ ಕೂರುವ ತೂತಿನ ಅಂಚಿನಲ್ಲಿ, ಮೂಲೆಯಲ್ಲಿ, ಕ್ಲಿಪ್ಪು ಕಚ್ಚುವ ಜಾಗದಲ್ಲಿ ಅದು ಮೊದಲಾಗುತ್ತದೆ. ಹತ್ತು ಕ್ಲಿಪ್ಪುಗಳಿರಬೇಕಾದ ಬಾಗಿಲಿನ ಪ್ಯಾನೆಲನ್ನು ಯಾವುದೋ ದುರಸ್ತಿಗೆಂದು ಬಿಚ್ಚಿದಾಗ ನಾಲ್ಕು ಮುರಿದಿರುತ್ತವೆ. ಉಳಿದ ಆರರ ಮೇಲೆಯೇ ಪ್ಯಾನೆಲನ್ನು ಕೂರಿಸಲಾಗುತ್ತದೆ. ಆಮೇಲೆ ರಸ್ತೆಯ ಪ್ರತಿ ಕುಲುಕೂ ಆ ಆರು ಜಾಗಗಳನ್ನೇ ಜಗ್ಗುತ್ತದೆ. ಆರು ತಿಂಗಳಲ್ಲಿ ಬಿರುಕು ಕಾಣಿಸಿಕೊಂಡಾಗ 'ಮಾಲು ಸರಿಯಿಲ್ಲ' ಎಂದು ತಯಾರಕರನ್ನು ದೂರುವುದು ವಾಡಿಕೆ.

ಇನ್ನೊಂದು ಕಾರಣ ಸ್ವಚ್ಛತೆಯ ಹೆಸರಿನಲ್ಲಿ ನಡೆಯುವ ಅಪಚಾರ. ಜಿಡ್ಡು ಹೋಗಲೆಂದು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಡ್ಯಾಶ್‌ಬೋರ್ಡ್ ಒರೆಸುವ ಅಭ್ಯಾಸ ಹಲವೆಡೆ ಇದೆ. ಎಬಿಎಸ್ ಎಂಬ ಪ್ಲಾಸ್ಟಿಕ್ಕಿಗೆ ಇದು ವಿಷ. ಸ್ಕ್ರೂ ಬಿಗಿದು ಮೊದಲೇ ಒತ್ತಡದಲ್ಲಿರುವ ಜಾಗಕ್ಕೆ ಪೆಟ್ರೋಲ್ ತಗುಲಿದರೆ ಕೂದಲೆಳೆಯ ಬಿರುಕುಗಳು ಹುಟ್ಟಿಕೊಳ್ಳುತ್ತವೆ. ನಟ್ಟು ಸಡಿಲವಾಗದಿರಲೆಂದು ಎಂಜಿನ್ ಕೆಲಸದಲ್ಲಿ ಬಳಸುವ ಥ್ರೆಡ್ ಲಾಕ್ ದ್ರವವನ್ನು ಪ್ಲಾಸ್ಟಿಕ್ಕಿನ ಸ್ಕ್ರೂಗೆ ಹಾಕಿದರೂ ಇದೇ ಗತಿ. ಸೋಪಿನ ನೀರು, ಒದ್ದೆ ಬಟ್ಟೆ ಸಾಕು.

ಮೊದಲು ಹೆಸರು ತಿಳಿಯಬೇಕು

ದುರಸ್ತಿಯ ಯಶಸ್ಸು ನಿಂತಿರುವುದು ಒಂದು ಸಂಗತಿಯ ಮೇಲೆ: ಒಡೆದಿರುವುದು ಯಾವ ಪ್ಲಾಸ್ಟಿಕ್? ಪ್ಯಾನೆಲನ್ನು ಬಿಚ್ಚಿ ಹಿಂಬದಿ ನೋಡಿದರೆ ಬಹಳಷ್ಟು ಭಾಗಗಳಲ್ಲಿ ಎರಡು ಬಾಣದ ಗುರುತುಗಳ ನಡುವೆ ಅಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಪಿಪಿ ಎಂದಿದ್ದರೆ ಪಾಲಿಪ್ರೊಪಿಲೀನ್. ಪಿಪಿ ಟಿಡಿ 20 ಎಂದಿದ್ದರೆ ಅದೇ ಪಾಲಿಪ್ರೊಪಿಲೀನಿಗೆ ತೂಕದಲ್ಲಿ ಶೇಕಡ 20ರಷ್ಟು ಟಾಲ್ಕ್ ಪುಡಿ ಬೆರೆಸಲಾಗಿದೆ ಎಂದರ್ಥ. ಎಬಿಎಸ್ ಎಂದಿದ್ದರೆ ಬೇರೆಯೇ ಜಾತಿ. ಪಿಸಿ ಪ್ಲಸ್ ಎಬಿಎಸ್ ಎಂದಿದ್ದರೆ ಪಾಲಿಕಾರ್ಬೊನೇಟ್ ಬೆರೆತದ್ದು.

ಗುರುತು ಅಳಿಸಿಹೋಗಿದ್ದರೆ ಕಾಣದ ಜಾಗದಲ್ಲಿ ಒಂದು ಹನಿ ಅಸಿಟೋನ್ ಹಚ್ಚಿ ನೋಡುವುದು ಸುಲಭ ಪರೀಕ್ಷೆ. ಎಬಿಎಸ್ ಆಗಿದ್ದರೆ ಮೇಲ್ಮೈ ಮೆತ್ತಗಾಗಿ ಅಂಟಂಟಾಗುತ್ತದೆ. ಪಾಲಿಪ್ರೊಪಿಲೀನ್ ಆಗಿದ್ದರೆ ಹನಿ ಆರಿಹೋಗುತ್ತದೆ, ಮತ್ತೇನೂ ಆಗುವುದಿಲ್ಲ. ನೀರಿನಲ್ಲಿ ತೇಲಿದರೆ ಪಿಪಿ, ಮುಳುಗಿದರೆ ಎಬಿಎಸ್ ಎಂಬ ಮಾತೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಶುದ್ಧ ಪಿಪಿಯ ಮಟ್ಟಿಗೆ ಅದು ನಿಜ. ಟಾಲ್ಕ್ ಬೆರೆಸಿದ ಪಿಪಿ ಮುಳುಗಬಹುದಾದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳಬಾರದು.

ಇಷ್ಟು ಶ್ರಮ ಏಕೆಂದರೆ, ಎಬಿಎಸ್‌ಗೆ ಹಿಡಿಯುವ ಅಂಟು ಪಿಪಿಗೆ ಹಿಡಿಯುವುದಿಲ್ಲ. ಪಾಲಿಪ್ರೊಪಿಲೀನಿನ ಮೈ ಮೇಣದ ಹಾಗೆ. ಸಾಮಾನ್ಯ ಎಪಾಕ್ಸಿ ಪುಟ್ಟಿಯಾಗಲಿ, ಫೆವಿಕ್ವಿಕ್ ಮಾದರಿಯ ಅಂಟಾಗಲಿ ಅದರ ಮೇಲೆ ಕಚ್ಚಿ ಕೂರುವುದಿಲ್ಲ. ಹಚ್ಚಿದ ದಿನ ನಿಂತಂತೆ ಕಂಡದ್ದು ಒಂದು ವಾರದಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಎರಡು ಬಾರಿ ಹೀಗಾದ ಮೇಲೆ ಮೆಕ್ಯಾನಿಕ್ ಸ್ಕ್ರೂ ಹೊಡೆಯುತ್ತಾನೆ; ಆ ತೂತಿನಿಂದಲೇ ಮುಂದಿನ ಬಿರುಕು ಹೊರಡುತ್ತದೆ.

ದುರಸ್ತಿಯ ಕ್ರಮ

ಪ್ಯಾನೆಲನ್ನು ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಡ್ಯಾಶ್‌ಬೋರ್ಡಿನ ಹಿಂದೆ ವೈರುಗಳ ಗೊಂಚಲೇ ಇರುತ್ತದೆ. ಹಳೆಯ ಪ್ಲಾಸ್ಟಿಕ್ಕನ್ನು ಮುಂಜಾನೆಯ ಚಳಿಯಲ್ಲಿ ಜಗ್ಗಬಾರದು. ಒಂದರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಅದು ಸ್ವಲ್ಪ ಮೆದುವಾಗಿ ಕ್ಲಿಪ್ಪು ಮುರಿಯದೆ ಬರುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಯಾವ ತೂತಿನದು ಎಂಬ ಗುರುತಿನೊಡನೆ ಇಡಬೇಕು. ಚಿಕ್ಕ ತೂತಿಗೆ ಉದ್ದ ಸ್ಕ್ರೂ ಹೊಡೆದು ಒಳಗಿನ ವೈರಿಗೆ ತಾಗಿಸಿದ ಪ್ರಸಂಗಗಳು ಗ್ಯಾರೇಜುಗಳಲ್ಲಿ ಹೊಸದಲ್ಲ.

ಸೋಪು ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಬಿರುಕಿನ ತುದಿಯಲ್ಲಿ 2 ರಿಂದ 3 ಮಿಲಿಮೀಟರಿನ ಸಣ್ಣ ತೂತು ಕೊರೆಯುವುದು ಮೊದಲ ಕೆಲಸ. ತೂತಿನ ದುಂಡಗಿನ ಅಂಚು ಒತ್ತಡವನ್ನು ಹಂಚುವುದರಿಂದ ಬಿರುಕು ಮುಂದೆ ಓಡುವುದಿಲ್ಲ. ಅನಂತರ ಹಿಂಬದಿಯಿಂದ ಬಿರುಕಿನುದ್ದಕ್ಕೂ ಉಳುಮೆಯ ಸಾಲಿನಂತೆ ಇಳಿಜಾರಾಗಿ ಕೆರೆಯಬೇಕು. ಎಲ್ಲ ಕೆಲಸವೂ ಹಿಂಬದಿಯಿಂದಲೇ ನಡೆಯಬೇಕೆಂಬುದಕ್ಕೆ ಕಾರಣವಿದೆ. ಮುಂಬದಿಯ ಚರ್ಮದಂಥ ನೆರಿಗೆ ಅಚ್ಚಿನಲ್ಲೇ ಮೂಡಿರುವುದು. ಮರಳು ಕಾಗದದಿಂದ ಒಮ್ಮೆ ಉಜ್ಜಿದರೆ ಅದು ಮತ್ತೆ ಬರುವುದಿಲ್ಲ.

ಎಬಿಎಸ್ ಆಗಿದ್ದರೆ ಅದೇ ಗುರುತಿನ ಗುಜರಿ ತುಂಡನ್ನು ಪುಡಿ ಮಾಡಿ ಗಾಜಿನ ಸೀಸೆಯಲ್ಲಿ ಅಸಿಟೋನಿನೊಂದಿಗೆ ಒಂದು ರಾತ್ರಿ ನೆನೆಸಿಟ್ಟರೆ ದೋಸೆ ಹಿಟ್ಟಿನ ಹದದ ಸರಿ ಸಿದ್ಧವಾಗುತ್ತದೆ. ಅದನ್ನು ಸಾಲಿನಲ್ಲಿ ತುಂಬಿ, ಮೇಲೆ ಫೈಬರ್ ಗ್ಲಾಸ್ ಜಾಲರಿಯ ಪಟ್ಟಿ ಇಟ್ಟು, ಮತ್ತೊಂದು ಪದರ ಬಳಿಯಬೇಕು. ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದರಿಂದ ಇಲ್ಲಿ ಅಂಟು ಎಂಬ ಬೇರೆ ವಸ್ತುವೇ ಉಳಿಯುವುದಿಲ್ಲ. ದಪ್ಪನಾಗಿ ಒಂದೇ ಸಲ ಬಳಿದರೆ ಒಳಗೆ ಅಸಿಟೋನ್ ಸಿಕ್ಕಿಹಾಕಿಕೊಂಡು ಭಾಗ ಸೊಟ್ಟಗಾಗುತ್ತದೆ. ತೆಳು ಪದರ, ಪದರಗಳ ನಡುವೆ ಬಿಡುವು, ಕೊನೆಗೆ ಕನಿಷ್ಠ ಒಂದು ಪೂರ್ಣ ದಿನದ ಒಣಗುವಿಕೆ ಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ. ಮುಚ್ಚಿದ ಕೋಣೆಯಲ್ಲಿ, ಬೀಡಿ ಸೇದುವವರ ಪಕ್ಕದಲ್ಲಿ ಈ ಕೆಲಸ ಸಲ್ಲದು.

ಪಿಪಿಯ ದಾರಿ ಬೇರೆ. ಅದನ್ನು ಬೆಸುಗೆ ಹಾಕಬೇಕು. ಪಿಪಿ ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಬಿಸಿಗಾಳಿಯ ಗನ್ನಿನಿಂದ ಭಾಗವನ್ನೂ ಪಿಪಿಯ ಕಡ್ಡಿಯನ್ನೂ ಒಟ್ಟಿಗೆ ಮೆದುಮಾಡಿ ಸಾಲಿನೊಳಗೆ ಒತ್ತುತ್ತ ಹೋಗುವುದು ಕ್ರಮ. ಕಡ್ಡಿ ಸಿಗದಿದ್ದರೆ ಅದೇ ಗುರುತಿನ ಗುಜರಿ ಭಾಗದಿಂದ ಸೀಳಿದ ಪಟ್ಟಿಯೂ ಆದೀತು. ಬೆಸುಗೆಗೆ ಬಲ ಬೇಕಿದ್ದ ಕಡೆ ಬಿಸಿ ಸ್ಟೇಪ್ಲರ್ ಎಂಬ ಅಗ್ಗದ ಉಪಕರಣವಿದೆ. ಅಲೆಯಾಕಾರದ ಉಕ್ಕಿನ ತಂತಿಯನ್ನು ಕಾಯಿಸಿ ಬಿರುಕಿಗೆ ಅಡ್ಡಲಾಗಿ ಹಿಂಬದಿಯಿಂದ ಪ್ಲಾಸ್ಟಿಕ್ಕಿನೊಳಗೆ ಹೂಳುತ್ತದೆ. ಹೊರಗೆ ಚಾಚಿದ ತುದಿಗಳನ್ನು ಬುಡಕ್ಕೆ ಕತ್ತರಿಸದೆ ಬಿಟ್ಟರೆ ಅವು ವೈರನ್ನು ಕೊರೆಯುತ್ತವೆ. ಅಂಟೇ ಬೇಕೆಂದರೆ ಪಿಪಿಗೆಂದೇ ಇರುವ ಪ್ರೈಮರ್ ಹಚ್ಚಿ, ಆಮೇಲೆ ಎರಡು ಭಾಗಗಳ ಅಂಟನ್ನು ಬಳಸಬೇಕು.

ಸ್ಕ್ರೂ ಕೂರುವ ಕೊಳವೆಯಂಥ ಕಾಲು ಮುರಿದಿದ್ದರೆ, ಅದು ಎಬಿಎಸ್ ಆಗಿದ್ದರೆ ಮಾತ್ರ, ಫೆವಿಕ್ವಿಕ್ ಮಾದರಿಯ ಅಂಟಿಗೆ ಅಡುಗೆ ಸೋಡಾ ಉದುರಿಸುವ ಹಳೆಯ ಉಪಾಯ ನಡೆಯುತ್ತದೆ. ಕ್ಷಣದಲ್ಲಿ ಕಲ್ಲಾಗುತ್ತದೆ. ಕಲ್ಲಿನಂತೆಯೇ ಬಾಗದೆ ಒಡೆಯುವುದೂ ಉಂಟು. ಆದ್ದರಿಂದ ಕುಲುಕು ಹೆಚ್ಚಿರುವ ಬಾಗಿಲಿಗೆ ಅದು ತಕ್ಕುದಲ್ಲ. ಕಾಲಿನ ಸುತ್ತ ಪೈಪಿನ ತುಂಡೊಂದನ್ನು ಬಳೆಯಂತೆ ತೊಡಿಸಿ ಎಪಾಕ್ಸಿಯಿಂದ ಕೂರಿಸುವುದು ಮೇಲು. ಸ್ಕ್ರೂ ತಲೆಯ ಕೆಳಗೆ ಅಗಲವಾದ ವಾಷರ್ ಹಾಕುವುದನ್ನು ಮರೆಯಬಾರದು.

ಏರ್‌ಬ್ಯಾಗ್ ಇರುವ ವಾಹನದಲ್ಲಿ ಅದರ ಮುಚ್ಚಳವಾಗಲಿ, ಅದು ಸಿಡಿದು ಬರುವ ದಾರಿಯ ಪ್ಯಾನೆಲ್ ಆಗಲಿ ಒಡೆದರೆ ಈ ಯಾವ ವಿಧಾನವೂ ಬೇಡ. ಅದನ್ನು ಬದಲಿಸಲೇಬೇಕು. ಪೆಡಲುಗಳ ಬಳಿ ಜೋತುಬೀಳುವ ಭಾಗಗಳ ವಿಷಯದಲ್ಲೂ ಜಿಪುಣತನ ಸಲ್ಲ. ಬ್ರೇಕಿನ ಕೆಳಗೆ ಸಿಕ್ಕಿಕೊಳ್ಳುವ ಒಂದು ಪ್ಲಾಸ್ಟಿಕ್ ಹೋಳಿಗೆ ಲೆಕ್ಕಪತ್ರದಲ್ಲಿ ಬೆಲೆ ಕಟ್ಟಲಾಗದು.

ಅತಿ ದೊಡ್ಡ ಖರ್ಚು ಯಾವುದು

ಮತ್ತೆ ಧಾನ್ಯ ವರ್ತಕನ ಲೆಕ್ಕಕ್ಕೆ ಬರೋಣ. ಕಡ್ಡಿ, ಜಾಲರಿ, ಅಸಿಟೋನ್, ಹೊಸ ಕ್ಲಿಪ್ಪು ಸೇರಿ 900 ರೂಪಾಯಿ, ಕೂಲಿ 3,500 ಎಂದು ಹಿಡಿಯೋಣ. ವಾಹನ ಎರಡು ದಿನ ಗ್ಯಾರೇಜಿನಲ್ಲಿ ನಿಂತು ದಿನಕ್ಕೆ 2,500 ರೂಪಾಯಿಯಂತೆ ಬಾಡಿಗೆ ವಾಹನ ತಂದರೆ 5,000. ಒಟ್ಟು 9,400ರಲ್ಲಿ ಅರ್ಧಕ್ಕೂ ಮಿಕ್ಕ ಮೊತ್ತ ವಾಹನ ನಿಂತದ್ದರ ಖರ್ಚು. ಮಾಲೀಕರು ಅಂಟಿನ ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ, ನಿಂತ ದಿನವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದನ್ನು ತಪ್ಪಿಸುವ ದಾರಿಯೂ ಇದೆ. ದುರಸ್ತಿಯಾಗಬೇಕಾದದ್ದು ಪ್ಯಾನೆಲ್ಲೇ ಹೊರತು ವಾಹನವಲ್ಲ. ಸಂತೆಯ ರಜೆಯ ಹಿಂದಿನ ಸಂಜೆ ಒಂದು ಬಾಗಿಲಿನ ಪ್ಯಾನೆಲ್ ಬಿಚ್ಚಿ ಕೊಟ್ಟರೆ, ನೀರು ತಡೆಯುವ ಒಳಹಾಳೆಯನ್ನು ಹಾಗೆಯೇ ಉಳಿಸಿಕೊಂಡು ವಾಹನ ಮರುದಿನವೂ ಓಡಬಹುದು. ಮುಂದಿನ ವಾರ ಇನ್ನೊಂದು ಬಾಗಿಲು. ಡ್ಯಾಶ್‌ಬೋರ್ಡಿಗೆ ಮಾತ್ರ ವಾಹನ ನಿಲ್ಲಿಸುವುದು ಅನಿವಾರ್ಯ. ಅದಕ್ಕೆ ಅರ್ಹತಾ ಪತ್ರದ ನವೀಕರಣಕ್ಕೆಂದು ಹೇಗೂ ನಿಲ್ಲಿಸುವ ದಿನಗಳನ್ನೇ ಆರಿಸಿಕೊಳ್ಳಬಹುದು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಈ ನವೀಕರಣ ವರ್ಷಕ್ಕೊಮ್ಮೆ ಬಂದೇ ಬರುತ್ತದೆ.

ದುರಸ್ತಿ ಮಾಡಿದ ಜಾಗ ಕಣ್ಣಿಗೆ ಕಾಣುವುದೆಂಬ ಚಿಂತೆಯಿದ್ದರೆ ಸೀಟಿನ ಕುಶನ್ ಹೊಲಿಯುವವರಿಂದ ರೆಕ್ಸಿನ್ ಹೊದಿಸುವುದು ಬಣ್ಣ ಬಳಿಯುವುದಕ್ಕಿಂತ ಬಾಳಿಕೆಯ ಕೆಲಸ. ಬಣ್ಣವೇ ಬೇಕಾದರೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಬಳಿಯಬಾರದು.

ತೆರಿಗೆಯ ಮಾತು

ಒಡೆದ ಭಾಗವನ್ನು ಬೆಸೆದು ಇದ್ದ ವಾಹನವನ್ನು ಇದ್ದ ಸ್ಥಿತಿಗೆ ತರುವ ವೆಚ್ಚ ಚಾಲ್ತಿ ದುರಸ್ತಿಯೆನಿಸಿಕೊಳ್ಳುತ್ತದೆ. ಆ ವರ್ಷದ ಲಾಭದಿಂದಲೇ ಪೂರ್ತಿ ಕಳೆಯಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮಿನಲ್ಲಿ ಬಂದ ಈ ಪದದ ಅರ್ಥವನ್ನು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು: ಇರುವ ಆಸ್ತಿಯನ್ನು ಕಾಪಾಡಿ ನಿರ್ವಹಿಸುವ ಖರ್ಚೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ಅಲ್ಲ. ಡ್ಯಾಶ್‌ಬೋರ್ಡ್ ಬೆಸುಗೆಯ ಬಿಲ್ಲಿನೊಳಗೆ ಹೊಸ ಹವಾನಿಯಂತ್ರಣ ಯಂತ್ರವನ್ನೂ ಸೇರಿಸಿ 'ದುರಸ್ತಿ' ಎಂದು ಬರೆಸಿಕೊಂಡರೆ ತಕರಾರು ಬರುವುದು ಈ ಗೆರೆಯ ಮೇಲೆಯೇ. ಎರಡಕ್ಕೂ ಬೇರೆ ಬೇರೆ ಬಿಲ್ಲು ಪಡೆಯುವುದು ಸುರಕ್ಷಿತ.

ಜಿಎಸ್‌ಟಿಯಲ್ಲಿ ಸರಕು ಸಾಗಣೆಯ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಪ್ರಯಾಣಿಕರ ಕಾರಿಗಿರುವ ನಿರ್ಬಂಧ ಇದಕ್ಕಿಲ್ಲ. ಗ್ಯಾರೇಜಿನವನು ನೋಂದಾಯಿತನಾಗಿರಬೇಕು, ಬಿಲ್ಲಿನಲ್ಲಿ ಮಾಲೀಕನ ಜಿಎಸ್‌ಟಿ ಸಂಖ್ಯೆ ಇರಬೇಕು, ಮಾಲೀಕ ಕಾಂಪೊಸಿಷನ್ ಯೋಜನೆಯಲ್ಲಿ ಇರಬಾರದು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲವೆಂಬುದು ಹಳೆಯ ಪಾಠ, ಆದರೂ ಗ್ಯಾರೇಜಿನ ಕಟ್ಟೆಯ ಮೇಲೆ ಮರೆತುಹೋಗುವ ಪಾಠ. ವಾಹನಗಳನ್ನು ಬಾಡಿಗೆಗೆ ಓಡಿಸುತ್ತ ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ದುರಸ್ತಿಯ ಪ್ರತ್ಯೇಕ ಕಡಿತವೇ ಇಲ್ಲ. ಅಂಥವರ ಮಟ್ಟಿಗೆ ಉಳಿಸಿದ ಪ್ರತಿ ರೂಪಾಯಿಯೂ ಪೂರ್ತಿ ರೂಪಾಯಿಯೇ.

ವಿಮೆಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಸವೆತ, ಮುಪ್ಪು ಪಾಲಿಸಿಯ ಹೊರಗೆ. ಅಪಘಾತದಲ್ಲಿ ಒಡೆದದ್ದಾದರೂ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇಕಡ 50ರ ಸವಕಳಿ ಕಳೆದೇ ಹಣ ಕೊಡುತ್ತಾರೆ.

ಸಣ್ಣ ತಯಾರಕರಿಗೊಂದು ದಾರಿ

ಹಳೆಯ ಮಾದರಿಗಳ ಇಡೀ ಪ್ಯಾನೆಲ್ ಕಂಪನಿಯ ಡೀಲರರಲ್ಲಿ ಸಿಗದೆ ಹೋದಾಗ ಜನ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೋ, ಶಿವಾಜಿನಗರದ ಗುಜರಿಯನ್ನೋ ಹುಡುಕುತ್ತಾರೆ. ಅಲ್ಲಿ ಸಿಗುವ ಹಳೆಯ ಪ್ಯಾನೆಲೂ ಅಷ್ಟೇ ವರ್ಷ ಬಿಸಿಲುಂಡದ್ದು. ಅದರ ಸ್ಕ್ರೂ ಕಾಲುಗಳನ್ನು ಪರೀಕ್ಷಿಸದೆ ಕೊಳ್ಳಬಾರದು. ವಾಸ್ತವದಲ್ಲಿ ಬಹುತೇಕ ವಾಹನಗಳಿಗೆ ಬೇಕಾಗುವುದು ಇಡೀ ಪ್ಯಾನೆಲ್ ಅಲ್ಲ. ಮುರಿದ ನಾಲ್ಕು ಕ್ಲಿಪ್ಪು, ಒಂದು ಹಿಡಿಕೆಯ ಬುಡ, ಸ್ಕ್ರೂ ಕಾಲಿಗೊಂದು ಬಳೆ.

ಇಂಥ ಸಣ್ಣ ಭಾಗಗಳನ್ನು ಎರಡು ಮೂರು ಗ್ರಾಂ ನೈಲಾನಿನಲ್ಲಿ ಅಚ್ಚು ಹಾಕುವ ಯಂತ್ರಗಳು ರಾಜ್ಯದ ಕೈಗಾರಿಕಾ ವಸಾಹತುಗಳ ಮೋಲ್ಡಿಂಗ್ ಘಟಕಗಳಲ್ಲಿ ಈಗಾಗಲೇ ಇವೆ. ಅಚ್ಚಿನ ವಿನ್ಯಾಸಕ್ಕೆ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದ ನೆರವು ಕೇಳಬಹುದು. ಪ್ಲಾಸ್ಟಿಕ್ ಪರೀಕ್ಷೆಗೆ ಮೈಸೂರಿನಲ್ಲಿ ಸಿಪೆಟ್ ಇದೆ. ಕಾನೂನಿನ ತೊಡಕನ್ನು ಮೊದಲೇ ನೋಡಿಕೊಳ್ಳಬೇಕು. 2000ದ ವಿನ್ಯಾಸ ಕಾಯ್ದೆಯಂತೆ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ, ಮುಂದುವರಿಸಿಕೊಂಡರೆ ಮತ್ತೆ 5 ವರ್ಷ ರಕ್ಷಣೆಯುಂಟು. ಅದು ಮುಗಿದ ಮೇಲೂ ವಾಹನ ಕಂಪನಿಯ ಹೆಸರನ್ನೋ ಲಾಂಛನವನ್ನೋ ಭಾಗದ ಮೇಲೆ, ಪೊಟ್ಟಣದ ಮೇಲೆ ತಮ್ಮದೆಂಬಂತೆ ಹಾಕುವುದು ಅಪರಾಧವೇ.

ಅಚ್ಚಿಗೆ ಹಣ ಹಾಕುವ ಮೊದಲು ತಯಾರಕರು ಒಂದು ವಾರ ತಮ್ಮ ಊರಿನ ನಾಲ್ಕು ಗ್ಯಾರೇಜುಗಳ ಮೂಲೆಯ ಕಸದ ಡಬ್ಬಿಯನ್ನು ಸುರಿದು ನೋಡಬಹುದು. ಯಾವ ವಾಹನದ ಯಾವ ಕ್ಲಿಪ್ಪು ಹೆಚ್ಚು ಮುರಿದು ಬಿದ್ದಿದೆ ಎಂಬುದನ್ನು ಎಣಿಸಿಕೊಂಡರೆ ಮೊದಲ ಅಚ್ಚು ಯಾವುದಿರಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ.